ಗದಗ ಸೀಮೆಯಲ್ಲಿ ತಂತ್ರಾಂಶ ಹೊಂದಾಣಿಕೆಯ ತೊಡಕುಗಳು

ಒಂದು ಗಣಕದಲ್ಲಿ ಮಾಡಿದ ಕಡತ ಇನ್ನೊಂದರಲ್ಲಿ ಇದ್ದಂತೆಯೇ ತೆರೆದುಕೊಳ್ಳಬೇಕು. ಒಂದು ಕಚೇರಿಯ ದಾಖಲೆಯನ್ನು ಇನ್ನೊಂದು ಕಚೇರಿಯ ಗಣಕ ಒಪ್ಪಬೇಕು. ಹಳೆಯ ಯಂತ್ರಕ್ಕೆ ಹೊಸ ತಂತ್ರಾಂಶ ಒಗ್ಗಬೇಕು. ಇವು ಮೂರೂ ಸೇರಿದರೆ ತಂತ್ರಾಂಶ ಹೊಂದಾಣಿಕೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪಟ್ಟಣಗಳಲ್ಲಿ ಇದು ತಪ್ಪಿದಾಗ ಹುಟ್ಟುವ ತಕರಾರು ಹೆಚ್ಚಾಗಿ ಅಕ್ಷರಕ್ಕೆ ಸಂಬಂಧಿಸಿದ್ದು. ಡಿಟಿಪಿ ಅಂಗಡಿ, ಝೆರಾಕ್ಸ್ ಅಂಗಡಿ, ನಾಡಕಚೇರಿ, ಗ್ರಾಮ ಒನ್ ಕೇಂದ್ರ, ಕೈಯಲ್ಲಿರುವ ಮೊಬೈಲು ಎಲ್ಲೆಡೆ ಅದು ಬೇರೆ ಬೇರೆ ವೇಷದಲ್ಲಿ ಎದುರಾಗುತ್ತದೆ. ‘ಜನ ಹೊಸದಕ್ಕೆ ಒಗ್ಗಿಕೊಳ್ಳುವುದಿಲ್ಲ’ ಎಂಬ ದೂರು ಸಾಮಾನ್ಯವಾಗಿ ಕೇಳಿಬರುತ್ತದಾದರೂ ಅದರಲ್ಲಿ ಹುರುಳು ಕಡಿಮೆ. ಹಳೆಯ ತಂತ್ರಾಂಶಕ್ಕೆ ಅಂಟಿಕೊಂಡವರಿಗೆ ಕಾರಣಗಳಿವೆ, ಲೆಕ್ಕವೂ ಇದೆ. ಬದಲಾವಣೆಯ ಖರ್ಚು ಕೊನೆಗೆ ಅದನ್ನು ತಾಳಲಾರದವನ ತಲೆಯ ಮೇಲೆಯೇ ಬೀಳುವುದು ಇಲ್ಲಿನ ನಿಜವಾದ ಕಥೆ.

ಮುದ್ರಣದ ಊರು

ಗದಗಕ್ಕೆ ‘ಮುದ್ರಣ ಕಾಶಿ’ ಎಂಬ ಹೆಸರಿದೆ. ಶಾಬಾದಿಮಠ, ಹೊಂಬಾಳಿ, ಸಂಕೇಶ್ವರ ಮುಂತಾದ ಮನೆತನಗಳ ಅಚ್ಚುಕೂಟ, ಪ್ರಕಾಶನ, ಪುಸ್ತಕದಂಗಡಿಗಳಿಂದ ಉತ್ತರ ಕರ್ನಾಟಕದ ಶಾಲೆಗಳಿಗೂ ಮನೆಗಳಿಗೂ ಪುಸ್ತಕಗಳು ಹೋಗುತ್ತಿದ್ದವು. 1976ರಲ್ಲಿ ಇದೇ ಊರಲ್ಲಿ ಒಂದೇ ಲಾರಿಯಿಂದ ಸಾಗಣೆ ಉದ್ಯಮ ತೆರೆದು, 1999ರಲ್ಲಿ ‘ವಿಜಯ ಕರ್ನಾಟಕ’ ಪತ್ರಿಕೆ ಹೊರತಂದ ವಿಜಯ ಸಂಕೇಶ್ವರರು ಮುದ್ರಣ-ಪ್ರಕಾಶನದ ಮನೆಯಿಂದಲೇ ಬಂದವರು. ತೋಂಟದಾರ್ಯ ಮಠದ ವೀರಶೈವ ಅಧ್ಯಯನ ಸಂಸ್ಥೆಯೂ ಗದಗದಿಂದಲೇ ವಚನ ಸಾಹಿತ್ಯ, ಸಂಶೋಧನೆಯ ಗ್ರಂಥಗಳನ್ನು ಪ್ರಕಟಿಸುತ್ತ ಬಂದಿದೆ.

ಇಂಥ ಊರಿಗೆ ಗಣಕ ಮೊದಲು ಬಂದದ್ದು ಅಚ್ಚುಮೊಳೆಯ ಜಾಗಕ್ಕೆ. ಮೊಳೆ ಜೋಡಿಸುವವನ ಕೆಲಸ ಡಿಟಿಪಿ ಆಪರೇಟರನಿಗೆ ಹೋಯಿತು. ಸೀಸದ ಮೊಳೆಗೆ ಹೊಂದಾಣಿಕೆಯ ಚಿಂತೆ ಇರಲಿಲ್ಲ, ಅಳತೆ ಸರಿಯಿದ್ದರೆ ಯಾರ ಮೊಳೆಯಾದರೂ ನಡೆಯುತ್ತಿತ್ತು. ಗಣಕದ ಅಕ್ಷರಕ್ಕೆ ಆ ಉದಾರತೆ ಇಲ್ಲ.

ಅಕ್ಷರದ ಹಿಂದಿನ ಸಂಕೇತ

ತೊಂಬತ್ತರ ದಶಕದ ಗಣಕಗಳಿಗೆ 256 ಸ್ಥಾನಗಳ ಒಂದು ಪಟ್ಟಿಯಷ್ಟೇ ಗೊತ್ತಿತ್ತು, ಅದೂ ಇಂಗ್ಲಿಷು ಮತ್ತು ಯುರೋಪಿನ ಭಾಷೆಗಳಿಗೆಂದು ಮಾಡಿದ್ದು. ಕನ್ನಡದ ಫಾಂಟು ಮಾಡಿದವರು ಆ ಸ್ಥಾನಗಳಲ್ಲಿ ಕನ್ನಡದ ಅಕ್ಷರಗಳ ತುಂಡುಗಳನ್ನು ಕೂರಿಸಿದರು: ತಲೆಕಟ್ಟಿಲ್ಲದ ಒಡಲು ಒಂದು ಕಡೆ, ತಲೆಕಟ್ಟು ಇನ್ನೊಂದು ಕಡೆ, ಒತ್ತು ಮತ್ತೊಂದು ಕಡೆ. ‘ನುಡಿ’ ತಂತ್ರಾಂಶದಲ್ಲಿ ‘ಕನ್ನಡ’ ಎಂದು ಬರೆದ ಕಡತವನ್ನು ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಒಂದು ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಮತ್ತೊಮ್ಮೆ ಆ ಎ ಕಾಣುತ್ತವೆ. ಆ ಎ ಬಂದಲ್ಲೆಲ್ಲ ತಲೆಕಟ್ಟು, ಜರ್ಮನ್ ಎಸ್ ಎಂದರೆ ನಕಾರದ ಒತ್ತು. ವರ್ಷಗಟ್ಟಲೆ ಕೂತ ಆಪರೇಟರರಲ್ಲಿ ಕೆಲವರು ಇದನ್ನು ಫಾಂಟಿಲ್ಲದೆಯೂ ಓದಿಬಿಡುತ್ತಾರೆ.

ಪ್ರತಿ ಕಂಪನಿಯೂ ತನ್ನದೇ ಪಟ್ಟಿ ಮಾಡಿಕೊಂಡದ್ದು ತೊಡಕಿನ ಮೂಲ. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿಯದು ಒಂದು ಕ್ರಮ, ಆಕೃತಿಯದು ಇನ್ನೊಂದು, ಸಿ-ಡ್ಯಾಕ್‌ನದು ಮತ್ತೊಂದು. ಶೇಷಾದ್ರಿವಾಸು 1998ರಲ್ಲಿ ‘ಬರಹ’ವನ್ನು ಹೊರತಂದು ಉಚಿತವಾಗಿ ಹಂಚಿದ್ದರಿಂದ ಮನೆಮನೆಯ ಗಣಕಕ್ಕೂ ಕನ್ನಡ ಬಂತು. ಮುಂದೆ ರಾಜ್ಯ ಸರ್ಕಾರ ಅಕ್ಷರತುಂಡುಗಳಿಗೆ ಒಂದು ಪ್ರಮಾಣಿತ ಸಂಕೇತ ಗೊತ್ತುಮಾಡಿತು. ಕನ್ನಡ ಗಣಕ ಪರಿಷತ್ತು ಅದರಂತೆ ‘ನುಡಿ’ಯನ್ನು ರೂಪಿಸಿತು, ‘ಬರಹ’ವೂ ಅದೇ ಸಂಕೇತವನ್ನು ಒಪ್ಪಿಕೊಂಡಿತು. ಹೀಗಾಗಿ ನುಡಿಯ ಕಡತ ಬರಹದ ಫಾಂಟಿನಲ್ಲಿ ತೆರೆಯುತ್ತದೆ, ಶ್ರೀಲಿಪಿಯಲ್ಲಿ ತೆರೆಯುವುದಿಲ್ಲ. ಗದಗದ ಮುದ್ರಣದಂಗಡಿಗಳ ‘ಯಾವುದ್ರಾಗ ಹೊಡದೀರಿ? ನುಡಿನೋ ಶ್ರೀಲಿಪಿನೋ?’ ಎಂಬ ಪ್ರಶ್ನೆಯ ಹಿಂದೆ ಇಷ್ಟೆಲ್ಲ ಇದೆ.

ಇವೆಲ್ಲಕ್ಕೂ ಮದ್ದಾಗಬೇಕಿದ್ದುದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ವಠಾರ ಸಿಕ್ಕಿತ್ತು. ಇಲ್ಲಿ ದಾಖಲಾಗುವುದು ಅಕ್ಷರ, ಅದರ ಆಕಾರವಲ್ಲ. ‘ಕ್ಕಿ’ ಎಂದರೆ ಕ, ವಿರಾಮ, ಕ, ಇಕಾರದ ಗುಣಿತ. ಅವನ್ನು ಕೂಡಿಸಿ ಆಕಾರ ಮೂಡಿಸುವ ಕೆಲಸ ಗಣಕದ್ದು. ಆದರೆ ಗಣಕಕ್ಕೆ ಆ ಕೆಲಸ ತಿಳಿದಿರಬೇಕಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟು ಬಂತಾದರೂ ಕನ್ನಡ ಸರಿಯಾಗಿ ಮೂಡಬೇಕಿದ್ದರೆ ಭಾಷೆಯ ಆಯ್ಕೆಗಳೊಳಗೆ ಹೊಕ್ಕು ಸಂಕೀರ್ಣ ಲಿಪಿಗಳ ಗುರುತು ಹಾಕಿ, ವಿಂಡೋಸ್‌ನ ಸಿಡಿಯನ್ನು ಮತ್ತೆ ಒಳಗಿಡಬೇಕಿತ್ತು. ಅಂಗಡಿಯವ ಹಾಕಿಕೊಟ್ಟ ವಿಂಡೋಸ್‌ಗೆ ಸಿಡಿ ಯಾರ ಹತ್ತಿರ ಇರುತ್ತಿತ್ತು?

ಯೂನಿಕೋಡಿನ ಪಟ್ಟಿಯೂ ಕುಂದಿಲ್ಲದ್ದೇನಲ್ಲ. ಹಳಗನ್ನಡದ ೞ ಅಕ್ಷರಕ್ಕೆ ಅದರಲ್ಲಿ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವುದಿಲ್ಲವೆಂಬುದು ಅವರ ನಿಯಮವಾದ್ದರಿಂದ, ಪಕ್ಕದಲ್ಲಿ ‘ಇದು ತಪ್ಪು’ ಎಂಬ ಟಿಪ್ಪಣಿ ಹೊತ್ತು ಅದು ಹಾಗೆಯೇ ಕೂತಿದೆ. ಹತ್ತನೆಯ ಶತಮಾನದಲ್ಲಿ ಪಂಪ ತನ್ನ ಕಾವ್ಯದ ಭಾಷೆಗೆ ಆಧಾರವೆಂದು ಹೇಳಿಕೊಂಡದ್ದು ಪುಲಿಗೆರೆಯ ಕನ್ನಡವನ್ನು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಲ್ಲಿನ ಶಾಸನ ಪಾಠಗಳನ್ನು ಬೆರಳಚ್ಚಿಸುವವರಿಗೆ ೞ, ಱ ದಿನವೂ ಬೇಕಾಗುವ ಅಕ್ಷರಗಳು. ಶಾಸನ, ಓಲೆಗರಿಗಳಲ್ಲಿ ಸಿಗುವ ನಕಾರ ಪೊಲ್ಲು ಯೂನಿಕೋಡಿಗೆ ಸೇರಿದ್ದು 2021ರಲ್ಲಿ. ಅದಕ್ಕಿಂತ ಹಳೆಯ ಫಾಂಟುಗಳಲ್ಲಿ ಆ ಜಾಗಕ್ಕೆ ಬರಿಯ ಚೌಕ ಬರುತ್ತದೆ.

ಪೇಜ್‌ಮೇಕರ್ ಬಿಡದಿರಲು ಕಾರಣ

ಆಲ್ಡಸ್ ಕಂಪನಿ 1985ರಲ್ಲಿ ಹೊರತಂದು, 1994ರಲ್ಲಿ ಅಡೋಬಿಯ ಪಾಲಾದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 2001ರ 7.0. ಅದಕ್ಕೆ ಯೂನಿಕೋಡ್ ತಿಳಿಯದು. ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ನಲ್ಲಿ ಕನ್ನಡದಂಥ ಲಿಪಿಗಳು ನೆಟ್ಟಗೆ ಕೂರುವ ವ್ಯವಸ್ಥೆ ಬಂದದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಅಷ್ಟು ಹೊತ್ತಿಗೆ ಸಣ್ಣ ಮುದ್ರಣಾಲಯಗಳ ಗಣಕಗಳಲ್ಲಿ ವರ್ಷಾನುಗಟ್ಟಲೆಯ ಕೆಲಸ ಪೇಜ್‌ಮೇಕರ್ ಕಡತಗಳಾಗಿ ಗುಡ್ಡೆ ಬಿದ್ದಿತ್ತು: ಪಂಚಾಂಗದ ಪುಟ, ಸೊಸಾಯಿಟಿಯ ವಾರ್ಷಿಕ ವರದಿ, ರಶೀದಿ ಪುಸ್ತಕ, ಜಾತ್ರೆಯ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ. ಹೋದ ವರ್ಷದ ಕರಪತ್ರದಲ್ಲಿ ತಾರೀಖು, ವಾರ, ಅಧ್ಯಕ್ಷರ ಹೆಸರು ತಿದ್ದಿದರೆ ಈ ವರ್ಷದ ಕರಪತ್ರ ಸಿದ್ಧ. ಆ ಕಡತ ತೆರೆಯಬೇಕೆಂದರೆ ಪೇಜ್‌ಮೇಕರ್ ಇರಬೇಕು, ಪೇಜ್‌ಮೇಕರ್ ಓಡಬೇಕೆಂದರೆ ಹಳೆಯ ವಿಂಡೋಸ್ ಇದ್ದರೆ ಸಲೀಸು. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂಗಡಿಯ ಗೋಡೆಗಡಿಯಾರಕ್ಕೂ ಈ ತಾರೀಖುಗಳಿಗೂ ಸಂಬಂಧವಿಲ್ಲ. ಒಂದು ಹಳೆಯ ಯಂತ್ರವನ್ನು ಇಂಟರ್‌ನೆಟ್ಟಿಗೆ ತಾಗಿಸದೆ ಮೂಲೆಯಲ್ಲಿ ಉಳಿಸಿಕೊಂಡು, ಹಳೆಯ ಕೆಲಸವನ್ನೆಲ್ಲ ಅದರಲ್ಲೇ ಮಾಡುವ ರೂಢಿ ಅನೇಕ ಕಡೆ ಇದೆ. ಇದನ್ನು ಹಿಂದುಳಿಯುವಿಕೆ ಎನ್ನುವವರು ಆ ಕಡತಗಳನ್ನು ಮತ್ತೆ ಬೆರಳಚ್ಚಿಸುವ ಕೂಲಿ ಯಾರು ಕೊಡಬೇಕೆಂಬುದನ್ನೂ ಹೇಳಬೇಕಾಗುತ್ತದೆ.

ಶ್ರೀಲಿಪಿ ಕೊಂಡವರಿಗೆ ಇನ್ನೊಂದು ಕಟ್ಟು. ಆ ತಂತ್ರಾಂಶದ ಜೊತೆ ಡಾಂಗಲ್ ಎಂಬ ಬೀಗದಂಥ ಸಾಧನ ಬರುತ್ತಿತ್ತು. ಅದನ್ನು ಗಣಕದ ಹಿಂಬದಿಗೆ ಸಿಕ್ಕಿಸಿದರಷ್ಟೇ ತಂತ್ರಾಂಶ ಓಡುವುದು. ಹಳೆಯ ಡಾಂಗಲ್‌ಗಳು ಪ್ರಿಂಟರಿನ ಅಗಲ ಪೋರ್ಟಿಗೆ ಕೂರುವಂಥವು, ಹೊಸ ಗಣಕಗಳಲ್ಲಿ ಆ ಪೋರ್ಟೇ ಇಲ್ಲ.

ಲಗ್ನಪತ್ರಿಕೆಯ ಕೆಲಸದಲ್ಲಿ ಈ ತೊಡಕು ಎದ್ದು ಕಾಣುತ್ತದೆ. ಬೀಗರ ಮನೆಯಿಂದ ಹೆಸರುಗಳ ಪಟ್ಟಿ ವಾಟ್ಸಾಪ್‌ನಲ್ಲಿ ಚೆಂದದ ಕನ್ನಡದಲ್ಲಿಯೇ ಬರುತ್ತದೆ. ಆದರೆ ಅದು ಯೂನಿಕೋಡ್. ಪೇಜ್‌ಮೇಕರ್‌ಗೆ ಅಂಟಿಸಿದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ. ಆಪರೇಟರ್ ಮೊಬೈಲನ್ನು ಕೀಲಿಮಣೆಯ ಪಕ್ಕ ಒರಗಿಸಿಟ್ಟು ಪ್ರತಿ ಹೆಸರನ್ನೂ ಮತ್ತೆ ಹೊಡೆಯುತ್ತಾನೆ. ಹಾಗೆ ಹೊಡೆಯುವಾಗ ಒಬ್ಬ ‘ಈರಪ್ಪ’ ‘ವೀರಪ್ಪ’ನಾಗುತ್ತಾನೆ, ಸೋದರಮಾವನ ಹೆಸರು ಒಂದು ಸಾಲು ಕೆಳಗೆ ಜಾರುತ್ತದೆ. ಪ್ರೂಫನ್ನು ಫೋಟೋ ತೆಗೆದು ವಾಟ್ಸಾಪ್‌ಗೇ ಕಳಿಸುತ್ತಾರೆ, ತಿದ್ದುಪಡಿ ಧ್ವನಿ ಸಂದೇಶವಾಗಿ ಮರಳುತ್ತದೆ. ಕೋರಲ್‌ಡ್ರಾದಲ್ಲಿ ಫ್ಲೆಕ್ಸ್ ಮಾಡುವವರು ಇದರಿಂದ ಪಾರಾಗಲು ‘ಕರ್ವ್ ಮಾಡಿ ಕಳಸ್ರೀ’ ಎನ್ನುತ್ತಾರೆ. ಅಕ್ಷರವನ್ನು ಚಿತ್ರದ ಗೆರೆಯಾಗಿ ಪರಿವರ್ತಿಸಿ ಕಳಿಸಿದರೆ ಯಾವ ಗಣಕದಲ್ಲೂ ಕೆಡುವುದಿಲ್ಲ. ಆದರೆ ಆಮೇಲೆ ಒಂದಕ್ಷರ ತಿದ್ದಬೇಕೆಂದರೂ ಮೂಲ ಕಡತಕ್ಕೇ ಹೋಗಬೇಕು. ಕೋರಲ್‌ಡ್ರಾದ ಹೊಸ ಆವೃತ್ತಿಯ ಕಡತ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲವಾದ್ದರಿಂದ ‘ಹಿಂದಿನ ವರ್ಶನ್‌ನಾಗ ಸೇವ್ ಮಾಡ್ರೀ’ ಎಂಬ ಮಾತೂ ಇದರ ಜೊತೆಗೇ ಓಡಾಡುತ್ತದೆ.

ಪರಿವರ್ತಕಗಳು

ನುಡಿ, ಬರಹದ ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಉಚಿತ ಪರಿವರ್ತಕಗಳಿವೆ, ಕೆಲಸವನ್ನೂ ಬಹುಮಟ್ಟಿಗೆ ಸರಿಯಾಗಿ ಮಾಡುತ್ತವೆ. ಈ ಬಹುಮಟ್ಟಿಗೆ ಎಂಬುದರಲ್ಲೇ ಕಷ್ಟವಿದೆ. ಹಳೆಯ ಫಾಂಟಿನಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತವೆ: ‘ಸೂರ್ಯ’ದಲ್ಲಿ ಯಕಾರ ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: ರೇಫ ಮೊದಲು, ಯಕಾರ ಆಮೇಲೆ. ಪರಿವರ್ತಕ ಇವನ್ನು ಹಿಂದು ಮುಂದು ಮಾಡಬೇಕು. ಎರಡು ಒತ್ತು, ದೀರ್ಘ, ಅರ್ಕಾವತ್ತು ಒಂದೇ ಕಡೆ ಸೇರಿದಲ್ಲಿ ಅದು ಎಡವುತ್ತದೆ. ಕಡತದ ನಡುವೆ ಇಂಗ್ಲಿಷ್ ಪದವಿದ್ದರಂತೂ ಅದನ್ನೂ ಕನ್ನಡದ ತುಂಡುಗಳೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳ ಗೊಂಚಲು ಮಾಡಿಡುತ್ತದೆ. ಐನೂರು ಪುಟದ ಗ್ರಂಥ ತಿರುಗಿಸಿದವರು ಐನೂರು ಪುಟವನ್ನೂ ಮತ್ತೊಮ್ಮೆ ಓದಲೇಬೇಕು.

ತಿರುಗಿಸಿದ ಮೇಲೂ ಸಣ್ಣ ಕಿರಿಕಿರಿಗಳು ಉಳಿಯುತ್ತವೆ. ಸೊನ್ನೆಯ ಜಾಗದಲ್ಲಿ ಅನುಸ್ವಾರ ಹೊಡೆಯುವ ಹಳೆಯ ಚಾಳಿಯಿಂದ, ಕಣ್ಣಿಗೆ ‘೧೦’ ಎಂದೇ ಕಂಡರೂ ಗಣಕಕ್ಕೆ ಅದು ಅಂಕಿಯೇ ಅಲ್ಲದಾಗಿ ಎಕ್ಸೆಲ್‌ನ ಮೊತ್ತ ತಪ್ಪುತ್ತದೆ. ‘ಕೊ’ ಅಕ್ಷರವನ್ನು ಯೂನಿಕೋಡಿನಲ್ಲಿ ಎರಡು ರೀತಿ ದಾಖಲಿಸಬಹುದು, ನೋಡಲು ಎರಡೂ ಒಂದೇ. ಹುಡುಕಿದಾಗ ಮಾತ್ರ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ.

ಬೆರಳಿನ ರೂಢಿ

ಕೀಲಿಮಣೆಯ ವಿನ್ಯಾಸದಲ್ಲೂ ಒಮ್ಮತವಿಲ್ಲ. ಟೈಪಿಂಗ್ ಶಾಲೆಗಳಲ್ಲಿ ಕಲಿತವರದು ಅನಂತಸುಬ್ಬರಾಯರ ಟೈಪ್‌ರೈಟರ್ ವಿನ್ಯಾಸ. ನುಡಿಯಲ್ಲಿ ಕಲಿತವರದು ಕೆ.ಪಿ. ರಾವ್ ಅವರದು, 26 ಕೀಲಿಗಳಲ್ಲೇ ಕನ್ನಡವನ್ನು ಹಿಡಿಸಿದ ಜಾಣ ವಿನ್ಯಾಸವದು. ಕೇಂದ್ರ ಸರ್ಕಾರ ಒಪ್ಪಿದ್ದು ಇನ್‌ಸ್ಕ್ರಿಪ್ಟ್. ಮೊಬೈಲಿನ ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಪಡೆಯುವವರು, ಇಲ್ಲವೇ ಮಾತಾಡಿಯೇ ಬರೆಸುವವರು. ಒಬ್ಬರ ಕೀಲಿಮಣೆಯ ಮುಂದೆ ಇನ್ನೊಬ್ಬರು ಕೂತರೆ ಕೈ ಓಡದು. ತುಂಡುಲೆಕ್ಕದಲ್ಲಿ ಪುಟಕ್ಕಿಷ್ಟು ಎಂದು ದುಡಿಯುವವರಿಗೆ ಹೊಸ ವಿನ್ಯಾಸ ಕಲಿಯುವ ದಿನಗಳೆಂದರೆ ಗಳಿಕೆಯಿಲ್ಲದ ದಿನಗಳು.

ಹೆಸರು ಕೂಡದ ದಾಖಲೆಗಳು

ಸರ್ಕಾರಿ ತಂತ್ರಾಂಶಗಳಲ್ಲಿ ತೊಡಕು ಫಾಂಟಿನಿಂದ ಕಾಗುಣಿತಕ್ಕೆ ದಾಟುತ್ತದೆ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಕೈಬರಹದ ಪಹಣಿ ನಿಂತು ಗಣಕದ ಪಹಣಿ ಬಂತು. ಈ ಭಾಗದ ರೈತರು ಅದನ್ನು ಇಂದಿಗೂ ‘ಉತಾರ’ ಎಂದೇ ಕರೆಯುತ್ತಾರೆ. ಉತಾರದಲ್ಲಿ ಹೆಸರು ಕನ್ನಡದಲ್ಲಿದೆ, ತಂದೆಯ ಹೆಸರಿನ ಜೊತೆ. ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿದೆ, ಅಡ್ಡಹೆಸರಿನ ಜೊತೆ. ಆಧಾರ್‌ನಲ್ಲಿ ಎರಡೂ ಇದ್ದು, ಒಂದರಿಂದ ಇನ್ನೊಂದನ್ನು ಹೆಚ್ಚಾಗಿ ಗಣಕವೇ ಲಿಪ್ಯಂತರ ಮಾಡಿರುತ್ತದೆ. ರೈತರ ನೋಂದಣಿಯ ‘ಫ್ರೂಟ್ಸ್’, ಪಿಎಂ-ಕಿಸಾನ್, ಬೆಳೆವಿಮೆ, ಬೆಳೆ ಸಮೀಕ್ಷೆಯ ಆ್ಯಪ್ ಎಲ್ಲವೂ ಈ ಮೂರನ್ನು ತಾಳೆ ನೋಡುತ್ತವೆ. ‘ಬಸವಣ್ಣೆಪ್ಪ’, ‘ಬಸಣ್ಣ’, ‘ಬಸವರಾಜ’ ಒಬ್ಬನೇ ಮನುಷ್ಯನೆಂಬುದು ಓಣಿಗೆಲ್ಲ ಗೊತ್ತು, ಗಣಕಕ್ಕೆ ಗೊತ್ತಿಲ್ಲ.

ಊರ ಹೆಸರಿಗೂ ಇದೇ ಗತಿ. ಇಂಗ್ಲಿಷಿನಲ್ಲಿ ಮುಂಡರಗಿಯ ರಕಾರಕ್ಕೆ ಎ ಹಚ್ಚಬೇಕೋ ಬೇಡವೋ, ಲಕ್ಷ್ಮೇಶ್ವರಕ್ಕೆ ಎಕ್ಸ್ ಬೇಕೋ ಕೆ-ಎಸ್-ಎಚ್ ಬೇಕೋ, ಗದಗದ ಕೊನೆಗೆ ಎ ಬೇಕೋ ಎಂಬುದು ಇಲಾಖೆಯಿಂದ ಇಲಾಖೆಗೆ ಬೇರೆ. 2014ರ ನವೆಂಬರಿನಲ್ಲಿ ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದಾಗ ಈ ಜಿಲ್ಲೆಯ ಯಾವ ಊರೂ ಆ ಪಟ್ಟಿಯಲ್ಲಿರಲಿಲ್ಲ. ಇಷ್ಟು ಸಾಲದೆಂಬಂತೆ ಗಡಿಗಳೂ ಸರಿದಿವೆ. ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಲಕ್ಷ್ಮೇಶ್ವರ ತಾಲ್ಲೂಕು ಶಿರಹಟ್ಟಿಯಿಂದ ಬೇರೆಯಾದದ್ದು 2018ರಲ್ಲಿ. ಹೀಗಾಗಿ ಲಕ್ಷ್ಮೇಶ್ವರದಲ್ಲಿ 1980ರಲ್ಲಿ ಹುಟ್ಟಿದವರ ಶಾಲಾ ದಾಖಲೆಯಲ್ಲಿ ‘ತಾ. ಶಿರಹಟ್ಟಿ, ಜಿ. ಧಾರವಾಡ’, ನಡುವಿನ ದಾಖಲೆಗಳಲ್ಲಿ ‘ತಾ. ಶಿರಹಟ್ಟಿ, ಜಿ. ಗದಗ’, ಈಚಿನದರಲ್ಲಿ ‘ತಾ. ಲಕ್ಷ್ಮೇಶ್ವರ, ಜಿ. ಗದಗ’ ಎಂದಿರುತ್ತದೆ. ಸಂಸ್ಥಾನಗಳ ಕಾಲಕ್ಕೆ ಹೋದರೆ ಲಕ್ಷ್ಮೇಶ್ವರ ಮಿರಜಿಗೂ ಶಿರಹಟ್ಟಿ ಸಾಂಗ್ಲಿಗೂ ಸೇರಿದ್ದವು. ಅಜ್ಜನ ಹೆಸರಿನ ಜಮೀನಿನ ಹಳೆಯ ಕಾಗದ ಹುಡುಕುವವರಿಗೆ ಮೋಡಿ ಲಿಪಿಯ ಮರಾಠಿಯೂ ಎದುರಾಗುವುದುಂಟು.

ಬೆರಳಚ್ಚಿನ ಯಂತ್ರ

ಆಧಾರ್ ದೃಢೀಕರಣಕ್ಕೆ 2017ರಿಂದ ನೋಂದಾಯಿತ ಸಾಧನಗಳಷ್ಟೇ ಸಲ್ಲುತ್ತವೆ. ಮೊದಲ ಬಗೆಯವು ಬೆರಳಚ್ಚನ್ನು ಗಣಕದ ತಂತ್ರಾಂಶದಲ್ಲಿ ಗೂಢಲಿಪಿಗೆ ತಿರುಗಿಸುತ್ತಿದ್ದವು. ಎಲ್-1 ಎಂಬ ಈಚಿನವು ಯಂತ್ರದೊಳಗೇ ತಿರುಗಿಸುತ್ತವೆ. ಭದ್ರತೆಯ ದೃಷ್ಟಿಯಿಂದ ಇದು ಸರಿಯೇ. ಆದರೆ ಹಳೆಯ ಯಂತ್ರ ಕೆಟ್ಟಿರದಿದ್ದರೂ ಹೊಸದನ್ನು ಕೊಳ್ಳಬೇಕಾದದ್ದು ಸೇವಾ ಕೇಂದ್ರ ನಡೆಸುವವನ ಕಿಸೆಯಿಂದ. ಯಂತ್ರಕ್ಕೆ ತಕ್ಕ ಡ್ರೈವರ್, ನೋಂದಾಯಿತ ಸಾಧನವನ್ನು ನಡೆಸುವ ಆರ್‌ಡಿ ಸರ್ವಿಸ್, ಅದರ ವಾರ್ಷಿಕ ನವೀಕರಣ, ಬ್ರೌಸರಿನ ಅನುಮತಿ ಇವುಗಳಲ್ಲಿ ಒಂದು ತಪ್ಪಿದರೂ ಪರದೆಯ ಮೇಲೆ ‘ಸಾಧನ ಸಿದ್ಧವಿಲ್ಲ’ ಎಂದು ಬರುತ್ತದೆ. ಹೊರಗೆ ಸಾಲಿನಲ್ಲಿ ನಿಂತವರಿಗೆ ಅದು ‘ಸರ್ವರ್ ಇಲ್ಲ’. ಬೆಟಗೇರಿಯ ಮಗ್ಗದಲ್ಲಿ ನೂಲು ಹಿಡಿದು, ಮುಂಡರಗಿಯ ಎರೆಹೊಲದಲ್ಲಿ ಕಳೆ ಕಿತ್ತು ಸವೆದ ಬೆರಳಾದರೆ ಎಲ್ಲ ಸರಿಯಿದ್ದೂ ಅಚ್ಚು ಮೂಡುವುದಿಲ್ಲ.

ಮೊಬೈಲು ಮತ್ತು ಟಿವಿ

ಆಂಡ್ರಾಯ್ಡ್ ಫೋನುಗಳಿಗೆ ಕನ್ನಡ ಸರಿಯಾಗಿ ಬಂದದ್ದು 2012ರ 4.1 ಆವೃತ್ತಿಯಿಂದ. ಅದಕ್ಕೂ ಮುಂಚಿನ ಫೋನುಗಳಲ್ಲಿ ‘ಡಬ್ಬಿ ಡಬ್ಬಿ ಬರಾಕತ್ತಾವು’ ಎಂಬ ದೂರು ಸಾಮಾನ್ಯವಾಗಿತ್ತು. ಆಗ ತಿಳಿದವರು ಒಪೆರಾ ಮಿನಿ ಬ್ರೌಸರಿನ ಒಳ ಆಯ್ಕೆಯೊಂದನ್ನು ತಿರುವಿ, ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಂಡು ಕನ್ನಡ ಓದುತ್ತಿದ್ದರು. ಮುಂದೆ ಭಾರತೀಯ ಮಾನಕ ಐಎಸ್ 16333ರ ಮೂರನೆಯ ಭಾಗ, ದೇಶದಲ್ಲಿ ಮಾರುವ ಫೋನುಗಳು ಎಲ್ಲ 22 ಅಧಿಕೃತ ಭಾಷೆಗಳನ್ನು ತೋರಿಸಬಲ್ಲಂತಿರಬೇಕೆಂದು ವಿಧಿಸಿತು. ಇಂದು ಫೋನು ಕೊಳ್ಳುವವರನ್ನು ಕಾಡುವುದು ಭಾಷೆಗಿಂತ ಆಯುಷ್ಯ. 2023ರ ಅಕ್ಟೋಬರಿನಿಂದ ಆಂಡ್ರಾಯ್ಡ್ 5ಕ್ಕಿಂತ ಹಳೆಯ ಫೋನುಗಳಲ್ಲಿ ವಾಟ್ಸಾಪ್ ನಿಂತಿತು. ಫೋನು ಗಟ್ಟಿಯಾಗಿದೆ, ಬ್ಯಾಟರಿ ತಡೆಯುತ್ತದೆ, ಆದರೂ ಮಗ ಬೆಂಗಳೂರಿನಿಂದ ಕಳಿಸುವ ಫೋಟೋ ಬರುವುದಿಲ್ಲ ಎಂದ ಮೇಲೆ ಹೊಸದನ್ನು ಕೊಳ್ಳದೆ ವಿಧಿಯಿಲ್ಲ.

ಕೇಬಲ್ ಟಿವಿ ಡಿಜಿಟಲ್ ಆದಾಗ ಮನೆಗೊಂದು ಡಬ್ಬಿ ಬಂತು. ಒಬ್ಬ ಆಪರೇಟರನ ಡಬ್ಬಿ ಇನ್ನೊಬ್ಬನಲ್ಲಿ ನಡೆಯದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2020ರ ಏಪ್ರಿಲ್‌ನಲ್ಲಿ ಎಲ್ಲ ಡಬ್ಬಿಗಳೂ ಪರಸ್ಪರ ಒಗ್ಗುವಂತಿರಬೇಕೆಂದು ಶಿಫಾರಸು ಮಾಡಿತ್ತು. ಆಪರೇಟರ್ ಬದಲಿಸಿದವರ ಮನೆಯ ಅಟ್ಟದಲ್ಲಿ ಮಾತ್ರ ಹಳೆಯ ಡಬ್ಬಿಗಳು ಬಿದ್ದೇ ಇವೆ.

ಕಣ್ಣಿಲ್ಲದ ಓದುಗರು

ಗದಗದ ವೀರೇಶ್ವರ ಪುಣ್ಯಾಶ್ರಮ ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು (1914–2010) ಬೆಳೆಸಿದ ಸಂಸ್ಥೆ. ಇಬ್ಬರೂ ಅಂಧರು, ಅಲ್ಲಿ ಸಂಗೀತ ಕಲಿತ ಅಂಧ ವಿದ್ಯಾರ್ಥಿಗಳು ನಾಡಿನಲ್ಲೆಲ್ಲ ಇದ್ದಾರೆ. ಫಾಂಟಿನ ಪ್ರಶ್ನೆ ಇಂಥ ಓದುಗರಿಗೆ ಬಂದಾಗ ಅದರ ತೂಕವೇ ಬೇರೆ. ಕಣ್ಣಿರುವವನಿಗೆ ನುಡಿಯ ಪಿಡಿಎಫ್ ಕನ್ನಡವಾಗಿಯೇ ಕಾಣುತ್ತದೆ, ದೂರಲು ಏನೂ ಇಲ್ಲ. ಪರದೆ ಓದುವ ತಂತ್ರಾಂಶ ಆಕಾರವನ್ನು ನೋಡುವುದಿಲ್ಲ, ಸಂಕೇತವನ್ನು ಓದುತ್ತದೆ. ಆಸ್ಟ್ರೇಲಿಯಾದ ಅಂಧ ತಂತ್ರಜ್ಞರು 2006ರಲ್ಲಿ ಆರಂಭಿಸಿದ ಉಚಿತ ತಂತ್ರಾಂಶ ಎನ್‌ವಿಡಿಎಗೆ ಇಸ್ಪೀಕ್‌ನ ಕನ್ನಡ ಧ್ವನಿ ಆಯ್ದುಕೊಂಡರೆ ಯೂನಿಕೋಡಿನ ಕನ್ನಡವನ್ನು ಅದು ಓದಿ ಹೇಳುತ್ತದೆ, ದನಿ ಯಂತ್ರದ್ದಾದರೂ ಅರ್ಥವಾಗುತ್ತದೆ. ನುಡಿಯ ಕಡತ ಕೊಟ್ಟರೆ ‘ಪಿ, ಎ, ಪೌಂಡ್’ ಎನ್ನುತ್ತದೆ. ಕರ್ವ್ ಮಾಡಿದ ಕಡತದಲ್ಲಾದರೆ ಓದಲು ಏನೂ ಇರುವುದಿಲ್ಲ. ಬ್ರೈಲ್‌ಗೆ ತಿರುಗಿಸುವ ತಂತ್ರಾಂಶಗಳಿಗೂ ಯೂನಿಕೋಡಿನ ಪಠ್ಯವೇ ಬೇಕು. ಮುದ್ರಣದ ಊರಿನಲ್ಲಿ ಕಾಲು ಶತಮಾನ ಅಚ್ಚಾದ ಪುಸ್ತಕಗಳ ಕಡತಗಳು ಗಣಕಗಳಲ್ಲಿ ಇದ್ದರೂ ಅದೇ ಊರಿನ ಅಂಧ ಓದುಗರ ಕೈಗೆ ಅವು ಹಾಗೆಯೇ ಸಿಗುವಂತಿಲ್ಲ. ಪ್ರಕಾಶಕರು ಹಳೆಯ ಪುಸ್ತಕ ಮರುಮುದ್ರಿಸುವಾಗ ಒಮ್ಮೆ ಯೂನಿಕೋಡಿಗೆ ತಿರುಗಿಸಿ, ಪ್ರೂಫ್ ನೋಡಿ ಇಟ್ಟರೆ ಪುಸ್ತಕದಿಂದ ಪುಸ್ತಕಕ್ಕೆ ಈ ಸಾಲ ತೀರುತ್ತ ಹೋಗುತ್ತದೆ. ಆ ಪ್ರೂಫಿನ ಖರ್ಚನ್ನು ಪುಸ್ತಕದ ಬೆಲೆಯಲ್ಲಿ ಸೇರಿಸಬೇಕೋ, ಗ್ರಂಥಾಲಯ ಇಲಾಖೆ ಕೊಡಬೇಕೋ, ಆಪರೇಟರನೇ ಹೊರಬೇಕೋ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ.